ವಾರಗಿತ್ತಿಯರ ಸಿಗ್ನಲ್

ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಪರವಾನಗಿಯ ತರಗತಿ ನಡೆಸುತ್ತಿದ್ದ ವಿರೂಪಾಕ್ಷ ಮಾಸ್ತರರಿಗೆ ವಿದ್ಯುತ್ತಿನ ಓಮ್‌ನ ನಿಯಮ ಕಲಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮಹಾದೇವಿ ಮತ್ತು ಸುವರ್ಣಾ. ಇಬ್ಬರೂ ಒಂದೇ ಮನೆಯ ಸೊಸೆಯರು. ಹೋಳಿಗೆಗೆ ಬೆಲ್ಲ ಕಡಿಮೆಯಾಯಿತೆಂಬ ಮಾತಿಗೆ ಮುನಿದು ಮಾತು ಬಿಟ್ಟವರು. ಒಬ್ಬಳು ತರಗತಿಗೆ ಸೇರಿದಳೆಂದು ಹಟಕ್ಕೆ ಇನ್ನೊಬ್ಬಳೂ ಸೇರಿದ್ದಳು.

ಅಭ್ಯಾಸದ ದಿನ ಮಾಸ್ತರರು ಬೇಕೆಂದೇ ಅವರಿಬ್ಬರನ್ನು ಜೋಡಿ ಮಾಡಿದರು.

"ಆಕಿ ಜೋಡಿ ನಾ ಒಲ್ಲೆ," ಎಂದಳು ಮಹಾದೇವಿ.

"ಹಂಗಾರ ಪರೀಕ್ಷಾಕ್ಕ ಕಳಸೂದಿಲ್ಲ."

ಮಹಾದೇವಿ ರೇಡಿಯೋ ಸೆಟ್ಟು ಹಿಡಿದು ಬಿರುಸಿನಿಂದ ಮಾಳಿಗೆ ಹತ್ತಿದಳು. ಇನ್ನೊಂದು ಸೆಟ್ಟಿನೊಂದಿಗೆ ಸುವರ್ಣಾ ಅಂಗಳಕ್ಕಿಳಿದಳು. ನಾಲ್ಕು ಮಾತಿನ ಅಭ್ಯಾಸ ತಾಸು ದಾಟಿತು. ಮೇಲೆ ನಗು, ಕೆಳಗೆ ನಗು. ಉಳಿದವರ ಪಾಳಿಯೇ ಬರಲಿಲ್ಲ. ಕೊನೆಗೆ ಬ್ಯಾಟರಿ ಮುಗಿದು ಇಬ್ಬರೂ ಒಳಬಂದರು. ಒಬ್ಬಳು ಆ ಗೋಡೆಗೆ, ಒಬ್ಬಳು ಈ ಗೋಡೆಗೆ ಮುಖ ಮಾಡಿ ನಿಂತರು.

ಮಾಸ್ತರರ ಎದೆ ಉಬ್ಬಿತ್ತು. "ಅಂತೂ ನಿಮ್ಮಿಬ್ಬರ ಮಾತು ಸುರು ಆತಲ್ಲ!"

"ಮಾತ? ಆಕಿ ಜೋಡಿ? ಜೀವ ಹೋದ್ರೂ ಇಲ್ಲ," ಎಂದು ಮಹಾದೇವಿ ಮೂಗು ಮುರಿದಳು. ಆಮೇಲೆ ಸೆಟ್ಟನ್ನು ಸೆರಗಿನಿಂದ ಒರೆಸುತ್ತ, ದನಿ ತಗ್ಗಿಸಿ ಕೇಳಿದಳು: "ಆಕಿ ನಾಳೆ ತವರಿಗೆ ಹೊಂಟಾಳಂತ. ಇದು ಗದಗಿನ ತನಕ ಮುಟ್ಟತೈತೇನ್ರಿ ಸರ?"