ಮೂವತ್ತನೆಯ ದಿನದ ಕರೆ

ಸಹಾಯವಾಣಿಯ ದೊಡ್ಡಕ್ಕ ಇಪ್ಪತ್ತೊಂಬತ್ತು ದಿನ ಫೋನಿನಲ್ಲಿ ಮಾತಾಡಿಸಿ ಸಿಗರೇಟು ಬಿಡಿಸಿದ ಲೇತ್ ಕೆಲಸಗಾರನಿಗೆ ಮೂವತ್ತನೆಯ ದಿನದ ಕರೆ ಮಾಡಲು ಮೇಲ್ವಿಚಾರಕ ಹೊಸ ಹುಡುಗಿ ಜೇನುಕಂಠಿಗೆ ಹೇಳಿದ. ಆ ಸಹಾಯವಾಣಿಯಲ್ಲಿ ಮೂವತ್ತನೆಯ ದಿನ ‘ಸೇದಿಲ್ಲ’ ಅನ್ನುವ ಮಾತು ಯಾರ ಕಿವಿಗೆ ಬೀಳುತ್ತದೋ ಗೆಲುವು ಅವರದು. ಜೇನುಕಂಠಿಯ ಫೋಟೊ ಆ ತಿಂಗಳ ಗೆಲುವೆಂದು ಗೋಡೆ ಏರಿತು.

ಹುಡುಗಿ ಬಂದು ಮೂರು ತಿಂಗಳು. ದನಿ ಸಕ್ಕರೆ ಪಾಕ, ಇಲ್ಲವೆನ್ನುವುದಿಲ್ಲ. ಆದರೆ ಟೀ ಹೊತ್ತಿಗೆ ಅವನು ಮಷೀನಿನ ಗದ್ದಲದ ನಡುವೆ “ಕೈ ನಡುಗ್ತಿದೆ ಅಕ್ಕಾ” ಅಂದಾಗ ಬಾಯಿಗೆ ಲವಂಗ ಹಾಕಿಸಿದ್ದು ಯಾರು? ಸಿಟ್ಟಿನಲ್ಲಿ ಫೋನ್ ಕತ್ತರಿಸಿದವನಿಗೆ ತಿರುಗಿ ಫೋನ್ ಮಾಡಿ ಉಗಿದದ್ದು ಯಾರು? ಉತ್ತವಳೊಬ್ಬಳು, ರಾಶಿ ಹೊತ್ತವಳು ಇನ್ನೊಬ್ಬಳು. ಆ ಫೋಟೊ ದಾಟಿ ಹೋಗುವಾಗಲೆಲ್ಲ ದೊಡ್ಡಕ್ಕ ಮುಖ ಇನ್ನೊಂದು ಕಡೆ ತಿರುಗಿಸುತ್ತಿದ್ದಳು.

“ನಾನೇನು ಕೇಳಿದ್ನಾ ಅಕ್ಕಾ? ಆ ಕರೆ ಅವರೇ ಕೊಟ್ರು,” ಎಂದಳು ಜೇನುಕಂಠಿ.

“ಬೇಡ ಅಂದ್ಯಾ?”

ಹುಡುಗಿ ಹೆಡ್‌ಫೋನ್ ಏರಿಸಿಕೊಂಡಳು.

ಮೂವತ್ತಮೂರನೆಯ ದಿನ ಆ ಲೇತ್ ಕೆಲಸಗಾರನೇ ಫೋನ್ ಮಾಡಿದ. “ಬೈಯೋ ಅಕ್ಕ ಇದಾರಾ? ಅವರೇ ಬೇಕು.”

“ನಾನೇ ಕಣಪ್ಪ, ಹೇಳು.”

“ನಿನ್ನೆ ಒಂದು ಸೇದಿಬಿಟ್ಟೆ ಅಕ್ಕಾ. ಇವತ್ತು ಪ್ಯಾಕೇ ತಂದಿದೀನಿ. ಇನ್ನೂ ಒಡೆದಿಲ್ಲ. ಕೈಲೇ ಇದೆ.”

ದೊಡ್ಡಕ್ಕನಿಗೆ ಮೊದಲು ಆದದ್ದು ಸಂತೋಷ. ಮುಚ್ಚಿಟ್ಟು ಏನು ಮಾಡುವುದು? ಇಳಿಯಿತು ಗೋಡೆಯ ಫೋಟೊ! ಜೇನು ಬೇಡವಂತೆ, ಬೈಗುಳವೇ ಬೇಕಂತೆ! ಆಮೇಲೆ ಅವನ ಉಸಿರು ಕೇಳಿಸಿತು. ಶ್ವಾಸಕೋಶದಲ್ಲಿ ಇನ್ನು ಜಾಗವಿಲ್ಲ ಎಂದು ಡಾಕ್ಟರು ಕೈ ತೊಳೆದುಕೊಂಡ ಮೇಲೆ ಅವನು ಹಿಡಿದ ಕೊನೆಯ ಕೊಂಬೆ ಈ ನಂಬರು.

ಎಲ್ಲರ ಕರೆಗೂ ಕಿವಿಗೊಡುವ ಮೇಲ್ವಿಚಾರಕ ಎದ್ದು ಬಂದ. ದೊಡ್ಡಕ್ಕ ಮೈಕಿಗೆ ಕೈ ಅಡ್ಡ ಹಿಡಿದಳು.

“ಅದು ಮುಗಿದ ಕೇಸಮ್ಮಾ. ವರದಿ ಮೇಲಕ್ಕೆ ಹೋಗಿಯಾಯ್ತು. ಗೆದ್ದವನು ಮತ್ತೆ ಫೋನ್ ಮಾಡೋ ಹಾಗಿಲ್ಲ. ರಾಂಗ್ ನಂಬರ್ ಅಂತ ಲೈನ್ ಕಟ್ ಮಾಡಿ.”

“ಅವನೆಲ್ಲಿ ಗೆದ್ದ ಸಾರ್? ಪ್ಯಾಕು ಹಿಡ್ಕೊಂಡು ನಿಂತಿದಾನೆ.”

“ನಿಮ್ಮ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ವಾ? ಮುಂದಿನ ತಿಂಗಳ ಫೋಟೊ ನಿಮ್ಮದೇ, ಹೋಗಿ. ಈಗ ಕಟ್ ಮಾಡಿ.”

ದೊಡ್ಡಕ್ಕನ ಬಾಯಲ್ಲಿ ನೀರೂರಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯಾರೂ ಆಡದ ಮಾತು. ಪಕ್ಕದ ಕುರ್ಚಿಯಲ್ಲಿ ಜೇನುಕಂಠಿ ಉಗುರು ಕಚ್ಚುತ್ತಾ ಇವಳನ್ನೇ ನೋಡುತ್ತಿದ್ದಳು.

ಆ ಕಡೆ ಪ್ಯಾಕಿನ ತೆಳು ಹಾಳೆ ಚರಚರ ಹರಿಯಿತು.

“ಮಾಡಲ್ಲ,” ಎಂದಳು ದೊಡ್ಡಕ್ಕ, ಮೇಲ್ವಿಚಾರಕನ ಮುಖ ನೋಡಿಯೇ. ಕುರ್ಚಿ ತಿರುಗಿಸಿ ಅವನಿಗೆ ಬೆನ್ನು ಹಾಕಿ, ಮೈಕಿನಿಂದ ಕೈ ತೆಗೆದಳು.

“ನಿಲ್ಸೋ ಅಲ್ಲೇ! ಯಾರನ್ನ ಕೇಳಿ ಒಡೀತಿದೀಯಾ ಅದನ್ನ?”