ಲೈಟ್ ಉರೀತಿದೆ, ಆರ್ಸಿ

ಪೆಟ್ರೋಲ್ ಬಂಕಿನ ಬಾತ್‌ರೂಮಿನಿಂದ ಕೈ ಒರೆಸಿಕೊಳ್ಳುತ್ತ ಆಕೆ ಹೊರಗೆ ಬಂದಾಗ ಕಾರು ಇರಲಿಲ್ಲ. ಯಜಮಾನರು ಹೀಗೆ ಹೆಂಡತಿಯನ್ನು ಮರೆತು ಹೋದದ್ದು ಈ ವರ್ಷ ಇದು ಮೂರನೇ ಸಲ. ಒಮ್ಮೆ ಆಸ್ಪತ್ರೆಯಲ್ಲಿ, ಒಮ್ಮೆ ಮಗಳ ಮನೆಯಲ್ಲಿ, ಈಗ ಇಲ್ಲಿ.

"ಅಯ್ಯೋ, ನೀವು ಇಲ್ಲೇ ಇದ್ದೀರಾ?" ಎಂದ ಪೆಟ್ರೋಲ್ ಹಾಕುವವನು. "ಸಾಹೇಬ್ರು ನಿಮ್ಮ ಹತ್ರ ಮಾತಾಡ್ಕೊಂಡೇ ಹೋದ್ರಲ್ಲ!"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಸ ಕಾರಿನ ಮುಂದಿನ ಸೀಟಿನ ಪ್ಲಾಸ್ಟಿಕ್ ಹಾಳೆ ಸುಕ್ಕಾಗಬಾರದೆಂದು ಆಕೆ ಕೂರುವುದು ಹಿಂದೆ. ಯಜಮಾನರು ಮಾತಾಡುವುದು ಮುಂದಿನ ಗಾಜಿನ ಜೊತೆ. ನಡುನಡುವೆ "ಅಲ್ವೇನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ "ಅದೇ ಮತ್ತೆ" ಎಂದು ತಾವೇ ಹೇಳಿಕೊಳ್ಳುತ್ತಾರೆ. ಆಕೆ ಇದ್ದರೂ ಇಲ್ಲದಿದ್ದರೂ ಸಂಭಾಷಣೆಗೆ ಕೊರತೆಯೇನಿಲ್ಲ.

ಎಲ್ಲಿಗೆ ಹೋಗಿರುತ್ತಾರೆಂದು ಆಕೆಗೆ ಗೊತ್ತಿತ್ತು. ಗ್ಯಾರೇಜಿಗೆ. ಬೀದಿಯವರು ಅವರಿಗೆ ಇಟ್ಟ ಹೆಸರೇ ಸ್ವಿಚ್ಚಪ್ಪ. ಹಗಲಲ್ಲಿ ಎಲ್ಲೇ ದೀಪ ಉರಿದರೂ ಇವರ ಹೊಟ್ಟೆ ಉರಿಯುತ್ತದೆ. ಲೈಟು ಹಾಕಿಕೊಂಡು ಬರುವ ಗಾಡಿ ಕಂಡರೆ ಸಾಕು, ಐದು ಬೆರಳನ್ನೂ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, "ಲೈಟ್ ಉರೀತಿದೆ, ಆರ್ಸಿ" ಎಂದು ಸನ್ನೆ ಮಾಡದೆ ಬಿಟ್ಟವರಲ್ಲ. ಅಂಥವರ ಹೊಸ ಕಾರಿನ ಮೂತಿಯಲ್ಲಿ ಹುಬ್ಬಿನ ಹಾಗೆ ಎರಡು ಬಿಳಿ ಲೈಟು! ಹಾಡಹಗಲಲ್ಲಿ ಉರಿಯುತ್ತವೆ. ಆರಿಸೋಣವೆಂದರೆ ಸ್ವಿಚ್ಚೇ ಇಲ್ಲ. ಮೂರು ದಿನದಿಂದ ಯಜಮಾನರಿಗೆ ಊಟ ಸೇರಿರಲಿಲ್ಲ.

ಗ್ಯಾರೇಜು ಹತ್ತು ನಿಮಿಷದ ನಡಿಗೆ. ಅದರ ಎದುರಿಗೇ ಅಕ್ಕನ ಊರಿನ ಬಸ್ಸು ನಿಲ್ಲುತ್ತದೆ. "ಬಂದು ನನ್ನ ಜೊತೆ ಇದ್ದುಬಿಡೇ" ಎಂದು ಅಕ್ಕ ಕರೆಯುತ್ತಲೇ ಇದ್ದಳು. ನಡೆಯುತ್ತ ನಡೆಯುತ್ತ ಆಕೆ ತೀರ್ಮಾನ ಮಾಡಿದಳು: ಬಸ್ಸು ಬರುವುದರೊಳಗೆ ನನ್ನನ್ನು ನೋಡಿದರೆ ಮನೆಗೆ, ನೋಡದಿದ್ದರೆ ಅಕ್ಕನ ಊರಿಗೆ. ಬಾಯಿ ಬಿಟ್ಟು ಕರೆಯುವುದು ಮಾತ್ರ ಇಲ್ಲ. ಮೂವತ್ತೆಂಟು ವರ್ಷ "ರೀ, ರೀ" ಎಂದದ್ದು ಸಾಕಾಗಿತ್ತು.

ಗ್ಯಾರೇಜಿನಲ್ಲಿ ಯಜಮಾನರು ಮೆಕ್ಯಾನಿಕ್ಕಿನ ಮುಂದೆ ಗೋಳು ತೋಡಿಕೊಳ್ಳುತ್ತಿದ್ದರು. ಆಕೆ ಹೋಗಿ ಟೈರುಗಳ ರಾಶಿಯ ಪಕ್ಕ, ಅವರಿಂದ ನಾಲ್ಕೇ ಹೆಜ್ಜೆ ಆಚೆ ನಿಂತಳು. ಅವರ ಕಣ್ಣು ಆಕೆಯ ಮೇಲೆ ಹಾದು, ಟೈರಿನ ಮೇಲೆ ಹಾದು, ಮತ್ತೆ ಕಾರಿಗೆ ಬಂತು.

"ಎಂಜಿನ್ ಸ್ಟಾರ್ಟ್ ಆದ್ರೆ ತಾನಾಗೇ ಹತ್ತುತ್ತೆ, ಆಫ್ ಆದ್ರೆ ತಾನಾಗೇ ಆರುತ್ತೆ ಸಾರ್," ಎನ್ನುತ್ತಿದ್ದ ಮೆಕ್ಯಾನಿಕ್. "ಹೆಡ್‌ಲೈಟ್ ಹಾಕಿದ್ರೆ ಇದು ಮಂಕಾಗುತ್ತೆ. ಇಂಡಿಕೇಟರ್ ಹಾಕಿದ್ರೆ ಆ ಕಡೇದು ಆರುತ್ತೆ, ಇಂಡಿಕೇಟರ್ ಚೆನ್ನಾಗಿ ಕಾಣ್ಲಿ ಅಂತ."

"ಅದನ್ನ ನಾನೂ ಕಂಡುಹಿಡಿದೆ. ಮೂರು ದಿನದಿಂದ ಎಡಗಡೆ ಇಂಡಿಕೇಟರ್ ಹಾಕ್ಕೊಂಡೇ ಓಡಿಸ್ತಿದ್ದೀನಿ, ಒಂದಾದ್ರೂ ಆರಿರ್ಲಿ ಅಂತ. ಹಿಂದಿನವ್ರು ಬೈತಾರೆ, ಬೈಲಿ. ಆದ್ರೆ ಬಲಗಡೇದು? ಅಲ್ಲಯ್ಯಾ, ಇಷ್ಟು ಬಿಸಿಲಲ್ಲಿ ರಸ್ತೆ ನೋಡೋಕೆ ಲೈಟ್ ಯಾಕೆ?"

"ಇದು ನೋಡೋಕಲ್ಲ ಸಾರ್, ಕಾಣಿಸೋಕೆ. ನೀವು ಬರ್ತಿರೋದು ಬೇರೆಯವ್ರಿಗೆ ಕಾಣ್ಬೇಕಲ್ಲ."

"ಕೆಂಪು ಕಾರು, ಆನೆ ಹಾಗಿದೆ! ಕಣ್ಣೆದುರು ಇರೋದು ಯಾರಿಗಯ್ಯಾ ಕಾಣಲ್ಲ?"

"ಕಣ್ಣೆದುರು ಇರೋದೇ ಸಾರ್ ಕಾಣದೇ ಇರೋದು. ದಿನಾ ನೋಡಿ ನೋಡಿ ಕಣ್ಣು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ."

ಯಜಮಾನರು ಕಾರಿನ ಹಿಂದಿನ ಗಾಜಿನತ್ತ ಬಗ್ಗಿ, "ಕೇಳಿದ್ಯೇನೇ ಇವನ ಮಾತು?" ಎಂದರು. ತಾವೇ "ಅದೇ ಮತ್ತೆ" ಎಂದರು. ಇಬ್ಬರನ್ನೂ ಹಳೆಯ ಕಾರಿನ ಕಾಲದಿಂದ ಬಲ್ಲ ಮೆಕ್ಯಾನಿಕ್ ಒಳಗೆ ಇಣುಕಿ ಖಾಲಿ ಸೀಟು ನೋಡಿದ. ಆಮೇಲೆ ಟೈರಿನ ಪಕ್ಕ ನಿಂತ ಆಕೆಯನ್ನು ನೋಡಿದ. ಆಕೆ ತುಟಿಯ ಮೇಲೆ ಬೆರಳಿಟ್ಟಳು.

ಆಕೆಗೆ ಮೊದಲು ತುಂಬಾ ನೋವಾಯಿತು. ಆಮೇಲೆ, ಹೇಳಬಾರದು, ನಗು ಬಂತು. ಮೂವತ್ತೆಂಟು ವರ್ಷದ ಕಾಯಿಲೆಗೆ ಮದ್ದು ಇಷ್ಟು ಸುಲಭವೇ? ಯಾವುದೋ ಕಾರಿನಿಂದ ಬಿಚ್ಚಿಟ್ಟ ಅಂಥದೇ ಒಂದು ಜೊತೆ ಲೈಟು ಬೆಂಚಿನ ಮೇಲಿತ್ತು. ಯಜಮಾನರು ಕಾರಿನ ಮೂತಿಯ ಕೆಳಗೆ ಬಗ್ಗಿ ವೈರು ಹುಡುಕತೊಡಗಿದಾಗ, "ಇದು ಉರಿಯುತ್ತೇನಪ್ಪ?" ಎಂದು ಆಕೆ ಪಿಸುಗುಟ್ಟಿದಳು. ಮೆಕ್ಯಾನಿಕ್ ನಗುತ್ತ ಲೈಟು ಎತ್ತಿಕೊಂಡ. ಬೈಕಿನ ಪುಟ್ಟ ಬ್ಯಾಟರಿಗೆ ವೈರು ಸಿಕ್ಕಿಸಿದ, ಕಾರಿನದಕ್ಕೆ ಇಲ್ಲದ ಸ್ವಿಚ್ಚನ್ನೂ ಜೋಡಿಸಿ ಕೊಟ್ಟ. ಆಕೆ ಬ್ಯಾಟರಿಯನ್ನು ಕೈಚೀಲದೊಳಗೆ ಇಟ್ಟು, ಲೈಟುಗಳನ್ನು ಎರಡು ಹೆಗಲಿಗೂ ಕ್ಲಿಪ್ಪು ಹಾಕಿ ನಿಲ್ಲಿಸಿ, ಸ್ವಿಚ್ಚು ಒತ್ತಿದಳು.

ಗ್ಯಾರೇಜೆಲ್ಲ ಬೆಳ್ಳಗಾಯಿತು. ಅಷ್ಟರಲ್ಲಿ ಬಸ್ಸೂ ಬಂತು.

ಯಜಮಾನರು ತಟ್ಟನೆ ಎದ್ದು ತಿರುಗಿದರು. ನೇರ ಆಕೆಯ ಕಡೆಗೇ ನೋಡಿದರು, ಕಣ್ಣರಳಿಸಿ ನೋಡಿದರು. ಅವರು ಅಷ್ಟು ಹೊತ್ತು ತನ್ನನ್ನು ನೋಡಿ ಎಷ್ಟು ವರ್ಷವಾಯಿತೋ! ಆಕೆಯ ಎದೆ ಹುಡುಗಿಯ ಎದೆಯಂತೆ ಹೊಡೆದುಕೊಂಡಿತು. ಯಜಮಾನರ ಬಲಗೈ ಮೇಲೆದ್ದಿತು. ಐದು ಬೆರಳೂ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಆಡಿದವು.

"ಮೇಡಂ, ಲೈಟ್ ಉರೀತಿದೆ! ಆರ್ಸಿ!"

ಆಕೆ ರಸ್ತೆ ದಾಟಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಯಜಮಾನರು ರಸ್ತೆಗೇ ಬಂದು ನಿಂತು ಸನ್ನೆ ಮಾಡುತ್ತಲೇ ಇದ್ದರು. ಕಂಡಕ್ಟರ್ ಹೊರಗೆ ನೋಡಿ, "ಎಷ್ಟು ಪ್ರೀತಿ ನೋಡಿ ಅಮ್ಮಾ, ಇನ್ನೂ ಟಾಟಾ ಮಾಡ್ತಾನೇ ಇದ್ದಾರೆ" ಎಂದ.

ಆಕೆ ಕೈಚೀಲದೊಳಗೆ ಕೈ ಹಾಕಿ ಸ್ವಿಚ್ಚು ಒತ್ತಿದಳು. ಲೈಟು ಆರಿತು. ಯಜಮಾನರ ಕೈ ಕೆಳಗಿಳಿಯಿತು. ಮುಖದಲ್ಲಿ ಮೂರು ದಿನದಿಂದ ಇಲ್ಲದಿದ್ದ ನೆಮ್ಮದಿ. ಅವರು ಗ್ಯಾರೇಜಿಗೆ ಮರಳಿ, ಕಾರಿನ ಹಿಂದಿನ ಗಾಜಿಗೆ ಬಗ್ಗಿ ಏನೋ ಹೇಳಿದರು, ಆಮೇಲೆ ಉತ್ತರ ಸಿಕ್ಕವರ ಹಾಗೆ ತಲೆಯಾಡಿಸಿದರು.