ಸುವರ್ಣಾ ಆರಿಸಿದ ತೆಳ್ಳನೆಯ ಪುಸ್ತಕ

ಗದಗಿನಲ್ಲಿ ಮದುವೆ ವಿಡಿಯೋ ಎಂದರೆ ಮೌನೇಶ ಬಡಿಗೇರ...
ಅವರು ಕ್ಯಾಮೆರಾ ಹಿಡಿದರೆ, ಪಕ್ಕದಲ್ಲಿ ಲೈಟ್ ಹಿಡಿಯುವುದು ಕಿರಿಯ ಮಗಳು ಸುವರ್ಣಾ.

ಆ ಹುಡುಗಿಗೆ ಸಿನಿಮಾದ ಹುಚ್ಚು. ನಟಿಸುವ ಹುಚ್ಚಲ್ಲ... ಕ್ಯಾಮೆರಾದ ಹಿಂದೆ ನಿಲ್ಲುವ ಹುಚ್ಚು.

ಒಮ್ಮೆ ಶೂಟಿಂಗಿಗೆಂದು ಬೆಂಗಳೂರಿನ ಒಬ್ಬ ಕ್ಯಾಮೆರಾಮನ್ ಹುಬ್ಬಳ್ಳಿಗೆ ಬಂದರು. ಅವರಿಗೆ ಒಬ್ಬ ಕ್ಯಾಮೆರಾ ಅಸಿಸ್ಟೆಂಟ್ ಬೇಕಿತ್ತು. ಕೆಲಸ ಕೇಳಿಕೊಂಡು ಹೋದ ಸುವರ್ಣಾಳಿಗೂ, ಉಳಿದವರಿಗೂ ಅವರು ಹೇಳಿದ್ದು ಒಂದೇ ಮಾತು...

"ನಿಮ್ಮ ಕೆಲಸಕ್ಕೆ ಬೇಕು ಅನ್ಸೋ ಒಂದು ಪುಸ್ತಕ ಆರಿಸ್ಕೊಂಡು ಭಾನುವಾರ ಬನ್ನಿ. ಅದನ್ನೇ ಯಾಕೆ ಆರಿಸಿದ್ರಿ ಅಂತ ಹೇಳಿ. ಸಾಕು."

ಮೌನೇಶ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ಹಳೇ ಪುಸ್ತಕದಂಗಡಿಗೆ ಹೋದರು.
ಮಗಳು ಸಿನಿಮಾಕ್ಕೆ ಸೇರಿಯೇಬಿಟ್ಟಳು ಎಂದು ಅಷ್ಟರಲ್ಲಾಗಲೇ ಓಣಿಗೆಲ್ಲ ಸಾರಿ ಬಂದಿದ್ದರು... ಇನ್ನು ಕೆಲಸ ಸಿಗದಿದ್ದರೆ ತಲೆ ಎತ್ತಿ ತಿರುಗುವುದು ಹೇಗೆ?

ಅಂಗಡಿಯವನು ಸಿನಿಮಾ ಪುಸ್ತಕಗಳನ್ನೆಲ್ಲ ಇಳಿಸಿದ. ಫೋಕಸ್ ಹೇಗೆ ಹಿಡಿಯಬೇಕು, ಲೆನ್ಸ್ ಹೇಗೆ ಬದಲಿಸಬೇಕು, ಕ್ಲಾಪ್ ಹೇಗೆ ಹೊಡೆಯಬೇಕು... ಎಲ್ಲಕ್ಕೂ ಒಂದೊಂದು ಪುಸ್ತಕ.
ಅದರಲ್ಲಿ ಇಟ್ಟಿಗೆಯಷ್ಟು ದಪ್ಪಗಿದ್ದದ್ದು ಮೌನೇಶರಿಗೆ ಕಂಡ ಕೂಡಲೇ ಹಿಡಿಸಿತು.

"ಇದನ್ನ ತಗೋ ಸುವರ್ಣಾ. ಕ್ಯಾಮೆರಾ ಅಸಿಸ್ಟೆಂಟ್ ಅಂತ ಮ್ಯಾಲ ಬರದಾರ ನೋಡು."

ಆದರೆ ಸುವರ್ಣಾ ಓದುತ್ತಲೇ ಇರಲಿಲ್ಲ. ಒಂದೊಂದೇ ಪುಸ್ತಕ ತೆಗೆದು, ಬರೀ ಫೋಟೋಗಳನ್ನು ನೋಡಿ, ಮುಚ್ಚಿ ಪಕ್ಕಕ್ಕಿಡುತ್ತಿದ್ದಳು. ಏನನ್ನೋ ಹುಡುಕುತ್ತಿದ್ದಳು...

ಕೊನೆಗೆ ಅವಳ ಕೈ ನಿಂತದ್ದು ರಟ್ಟು ಕಿತ್ತುಹೋದ ಒಂದು ತೆಳ್ಳನೆಯ ಪುಸ್ತಕದ ಮೇಲೆ. ಅದು ಲೈಟಿಂಗ್ ಪುಸ್ತಕ.

"ಅಪ್ಪಾ, ನನಗ ಇದ ಬೇಕು."

"ಹುಚ್ಚಿ... ಕ್ಯಾಮೆರಾ ಕೆಲಸ ಕೇಳಾಕ ಹೊಂಟು ಲೈಟಿನ ಪುಸ್ತಕ ಒಯ್ತಿಯೇನು? ಲೈಟ್ ಹಿಡಿಯೂದು ನಿನಗ ನಾನ ಕಲಿಸೇನಲ್ಲ."

ಅವಳು ಪುಸ್ತಕವನ್ನು ಎದೆಗೆ ಅವಚಿಕೊಂಡಳು, ಅಷ್ಟೇ.

ಭಾನುವಾರ ಬಂತು...
ಬಂದವರ ಕೈಯಲ್ಲೆಲ್ಲ ದಪ್ಪ ದಪ್ಪ ಪುಸ್ತಕ. ಮೌನೇಶ ಕ್ಯಾಮೆರಾಮನ್ ಕೋಣೆಯ ಬಾಗಿಲ ಹತ್ತಿರ ನಿಂತು ಮನೆದೇವರನ್ನು ನೆನೆಯುತ್ತಿದ್ದರು.

ಸುವರ್ಣಾಳ ಸರದಿ ಬಂದಾಗ ಕ್ಯಾಮೆರಾಮನ್ ಕೇಳಿದರು.
"ಎಲ್ಲಾರೂ ಕ್ಯಾಮೆರಾ ಪುಸ್ತಕ ತಂದಿದಾರೆ. ನೀವ್ಯಾಕಮ್ಮ ಇದನ್ನ ತಂದ್ರಿ?"

ಸುವರ್ಣಾ ನಡುವಿನ ಒಂದು ಪುಟ ತೆರೆದು ತೋರಿಸಿದಳು. ಕಪ್ಪು ಬಣ್ಣದ ಒಬ್ಬ ಹೆಂಗಸಿನ ಫೋಟೋ... ಕೆನ್ನೆ ಮಾಗಿದ ನೇರಳೆ ಹಣ್ಣಿನಂತೆ ಮಿನುಗುತ್ತಿತ್ತು.

"ಅಂಗಡ್ಯಾಗಿದ್ದ ಎಲ್ಲಾ ಪುಸ್ತಕ ನೋಡಿದೆ ಸರ್. ಕಪ್ಪು ಮುಖಕ್ಕ ಬೆಳಕು ಹೆಂಗ ಇಡಬೇಕು ಅಂತ ತೋರಿಸಿದ್ದು ಇದೊಂದ."

"ಅದು ನಿಮಗೆ ಯಾಕೆ ಅಷ್ಟು ಮುಖ್ಯ?"

ಅವಳು ಆ ಫೋಟೋದ ಮೇಲೆ ಬೆರಳಿಟ್ಟಳು...

"ನಮ್ಮಕ್ಕ ಕಸ್ತೂರಿ ಕಪ್ಪಗ ಅದಾಳ್ರಿ. ಆಕಿ ಮದುವ್ಯಾಗ ಎಲ್ಲಾರೂ ಪೌಡರ್ ಹಚ್ರಿ, ಇನ್ನೂ ಹಚ್ರಿ ಅಂದ್ರು. ಬೆಳ್ಳಗ ಕಾಣ್ಲಿ ಅಂತ ನಾನೂ ಲೈಟ್ ಒಯ್ದು ಆಕಿ ಮುಖದ ಮುಂದ ಹಿಡಿದೆ. ವಿಡಿಯೋದಾಗ ಬೂದಿ ಬಡಿದಂಗ ಬಂತ್ರಿ. ಬೀಗರು ಅದನ್ನ ಟಿವ್ಯಾಗ ಹಚ್ಚಿ ನೋಡಿ ನಕ್ರು. ನಮ್ಮಕ್ಕ ಎದ್ದು ಒಳಗ ಹೋದಳು... ಇವತ್ತಿನ ತನಕ ಆಕಿ ತನ್ನ ಮದುವಿ ವಿಡಿಯೋ ನೋಡಿಲ್ರಿ."

ಅವಳು ಪುಸ್ತಕ ಮುಚ್ಚಿ ಅವರ ಮುಂದಿಟ್ಟಳು.

"ಲೈಟ್ ಹಿಡಿದಾಕಿ ನಾನ ಸರ್. ಕ್ಯಾಮೆರಾ ಕೆಲಸ ನಿಮ್ಮ ಹತ್ರ ಕಲೀತೇನಿ. ಅದಕ್ಕೂ ಮೊದಲ ನನಗ ಇದು ಗೊತ್ತಾಗಬೇಕು."

ಬಾಗಿಲ ಬಳಿ ನಿಂತಿದ್ದ ಮೌನೇಶರ ಕಣ್ಣು ತುಂಬಿ ಬಂತು. ಮಗಳು ಇಷ್ಟು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದಳು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ತಡೆಯಲಾಗದೆ ಒಳಗೆ ಬಂದರು.

"ಸರ್... ಲೈಟ್ ನೇರ ಹಿಡಿ ಅಂತ ಹೇಳಿದಾಂವ ನಾನ್ರಿ. ನನಗ ಗೊತ್ತಿದ್ದದ್ದ ಅಷ್ಟು. ಆಕಿದೇನೂ ತಪ್ಪಿಲ್ಲ."

ಕ್ಯಾಮೆರಾಮನ್ ಇಬ್ಬರನ್ನೂ ನೋಡಿದರು. ಪುಸ್ತಕವನ್ನು ಸುವರ್ಣಾಳ ಕೈಗಿಟ್ಟರು.

"ಇಂಗ್ಲಿಷ್ ಪುಸ್ತಕ ಇದು. ಎಷ್ಟು ಅರ್ಥ ಆಯ್ತು?"

"ಅರ್ಧ ಆಗೇತ್ರಿ."

"ಉಳಿದರ್ಧ ಸೆಟ್ಟಲ್ಲಿ ಕಲೀರಿ. ನಾಳೆ ಬೆಳಿಗ್ಗೆ ಬಂದ್ಬಿಡಿ."

ಆ ವರ್ಷದ ದೀಪಾವಳಿಗೆ ಸುವರ್ಣಾ ಊರಿಗೆ ಬಂದಳು. ಕಸ್ತೂರಿಯೂ ತವರಿಗೆ ಬಂದಿದ್ದಳು.

ಫೋಟೋ ವಿಡಿಯೋ ಅಂದರೆ ಕಸ್ತೂರಿ ಅಡುಗೆಮನೆ ಸೇರುವವಳು. ಆ ದಿನ ತಂಗಿಯ ಹಟಕ್ಕೆ ಸೋತು, ಪೌಡರ್ ಡಬ್ಬಿ ಹಿಡಿದು ಕನ್ನಡಿ ಮುಂದೆ ನಿಂತಳು.
ಸುವರ್ಣಾ ಡಬ್ಬಿ ಕಿತ್ತುಕೊಂಡು ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದಳು. ಕಿಟಕಿಯ ಬೆಳಕನ್ನು ಅಕ್ಕನ ಮುಖದತ್ತ ತಿರುಗಿಸಲು ಬಿಳಿ ಥರ್ಮೋಕೋಲ್ ಹಾಳೆಯೊಂದನ್ನು ಅಪ್ಪನ ಕೈಗೆ ಕೊಟ್ಟಳು.

"ಅಪ್ಪಾ, ಇವತ್ತ ಕ್ಯಾಮೆರಾ ನನಗ ಕೊಡು. ಬೆಳಕು ನೀ ಹಿಡಿ. ಮುಂದ ಬ್ಯಾಡ... ಬಾಜೂಕ ಬಾ. ಇನ್ನ ಸ್ವಲ್ಪ. ಹಾಂ, ಅಲ್ಲೇ ನಿಲ್ಲು."

ಮದುವೆ ಮನೆಗಳಲ್ಲಿ ಮದುಮಗನಿಗೂ ಆರ್ಡರ್ ಮಾಡುತ್ತಿದ್ದ ಮನುಷ್ಯ, ಮಗಳು ಹೇಳಿದ ಕಡೆ ಅಲುಗಾಡದೆ ನಿಂತರು. ಕೈ ನೋಯುತ್ತಿತ್ತು... ಎದೆ ಮಾತ್ರ ಹೆಮ್ಮೆಯಿಂದ ಉಬ್ಬಿತ್ತು.

ಆಮೇಲೆ ಎಲ್ಲರೂ ಟಿವಿ ಮುಂದೆ ಕೂತರು. ಕಸ್ತೂರಿ ಬಾಗಿಲಲ್ಲೇ ನಿಂತಳು, ಹೊರಟುಹೋಗಲು ತಯಾರಾದವಳಂತೆ...

ಪರದೆಯ ಮೇಲೆ ಅವಳ ಬಣ್ಣ ಅವಳದೇ ಆಗಿತ್ತು. ಒಂದು ಚೂರೂ ಬೆಳ್ಳಗಾಗಿರಲಿಲ್ಲ. ಆದರೆ ಆ ಕಣ್ಣು, ಆ ಕೆನ್ನೆ, ಆ ನಗು... ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ನೋಡುತ್ತಲೇ ಇದ್ದಳು.

ವಿಡಿಯೋ ಮುಗಿಯಿತು.

ಕಸ್ತೂರಿ ಕಣ್ಣೊರೆಸಿಕೊಂಡು ಒಳಗೆ ಬಂದು, ಟಿವಿಯ ಎದುರಿಗೇ ಕೂತಳು.

"ಇನ್ನೊಮ್ಮೆ ಹಚ್ಚು, ಸುವರ್ಣಾ..."

*

ಯಾವ ಮುಖಕ್ಕೂ ಬಣ್ಣ ಕಡಿಮೆಯಾಗಿಲ್ಲ... ಬೆಳಕು ಇಡುವುದನ್ನು ನಾವು ಕಲಿಯಬೇಕಷ್ಟೇ.

ಫೋಟೋ ಅಂದ ಕೂಡಲೇ ಹಿಂದೆ ಸರಿದು ನಿಲ್ಲುವ ಒಬ್ಬರು ನಿಮ್ಮ ಮನೆಯಲ್ಲೂ ಇರಬಹುದು... ಅವರು ಯಾಕೆ ಹಾಗೆ ಸರಿದು ನಿಲ್ಲುತ್ತಾರೆ ಎಂದು ಯಾವತ್ತಾದರೂ ಕೇಳಿದ್ದೀರಾ?